ಜರ್ಯಾ ಎಂಬ ಸಂತಳಿಲ್ಲ

ಸೊಸೆ ರಿಮ್ಮಾಳಿಗೆ,

ದೇವರು ನಿನ್ನನ್ನೂ ಮಗುವನ್ನೂ ಕಾಯಲಿ. ಶುಕ್ರವಾರ ಮಗುವಿಗೆ ಹೃದಯದ ಆಪರೇಷನ್ ಎಂದು ತಿಳಿದು, ಪ್ರಾರ್ಥನೆಯಲ್ಲಿ ಓದಿಸಲು ಜರ್ಯಾ ಎಂಬ ಅವಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಚರ್ಚಿಗೆ ಹೋಗಿದ್ದೆ. ಮೇಣದಬತ್ತಿ ಮಾರುವ ಕ್ಲಾವ್ದಿಯಾ ಅದನ್ನು ನೋಡಿ ನಕ್ಕಳು.

"ಏನೇ ಪ್ರಸ್ಕೋವ್ಯಾ, ಜರ್ಯಾ ಅಂದ್ರೆ ಮುಂಜಾವು, ಮುಂಜಾವಿಗೆ ಆಯಸ್ಸು ಬೇಡ್ತಿದೀಯಾ? ಟ್ರಾಕ್ಟರ್ ಕಾರ್ಖಾನೆನೂ ಜರ್ಯಾ, ಪೇಪರ್ರೂ ಜರ್ಯಾ, ರಾಕೆಟ್ಟಲ್ಲಿ ಕಳಿಸಿ ಆಕಾಶದಲ್ಲಿ ಸುತ್ತೋ ಡಬ್ಬನೂ ಜರ್ಯಾ. ಯಾವುದಕ್ಕೆ ಹುಷಾರಿಲ್ಲ?"

"ನನ್ನ ಮೊಮ್ಮಗಳಿಗೆ," ಎಂದೆ.

ಆ ಹೆಸರು ನನಗೂ ಹಿಡಿಸಿರಲಿಲ್ಲ, ನಿನಗೆ ಗೊತ್ತು. ಆದರೆ ಬೇರೆಯವರು ನಕ್ಕಾಗ ಸಹಿಸಲಾಗಲಿಲ್ಲ.

ದೀಕ್ಷಾಸ್ನಾನವಾಗದ ಮಗುವಿನ ಹೆಸರನ್ನು ಓದುವಂತಿಲ್ಲ ಎಂದರು ಪಾದ್ರಿಗಳು. ದೀಕ್ಷಾಸ್ನಾನಕ್ಕೆ ಸಂತರ ಹೆಸರೇ ಬೇಕಂತೆ, ಜರ್ಯಾ ಎಂಬ ಸಂತಳಿಲ್ಲವಂತೆ. ನೀನು ಒಪ್ಪಿದರೆ ಗುರುವಾರ ಆಸ್ಪತ್ರೆಗೇ ಬರುತ್ತಾರೆ. ಮನೆಯಲ್ಲಿ ಕರೆಯುವ ಹೆಸರು ಹಾಗೇ ಇರುತ್ತದೆ.

ಸಂತಳ ಹೆಸರನ್ನು ನೀನೇ ಆರಿಸು, ಹೆತ್ತವಳು ನೀನು. ಬಸ್ಸು ಓಡಿಸುವ ಯೆಗೋರನ ಕೈಲಿ ಉತ್ತರ ಕಳಿಸು. ಬೇಡವೆಂದರೆ ಅದನ್ನೇ ಬರೆ, ನಾನು ಜಗಳಕ್ಕೆ ಬರುವುದಿಲ್ಲ. ಈ ಕಾಗದದ ಜೊತೆ ಕಳಿಸಿದ ಪೊಟ್ಟಣದಲ್ಲಿ ಮಗುವಿಗೆ ಉಣ್ಣೆಯ ಕಾಲುಚೀಲವಿದೆ.

ಚರ್ಚಿನಲ್ಲಿ ಓದದಿದ್ದರೆ, ಶುಕ್ರವಾರ ಮನೆಯ ದೇವರಪಟದ ಮುಂದೆ ನಿಂತು ಜರ್ಯಾ ಎಂಬ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಿ ಅವಳಿಗಾಗಿ ಕೇಳಿಕೊಳ್ಳುತ್ತೇನೆ.

ನಿನ್ನ ಅತ್ತೆ,
ಪ್ರಸ್ಕೋವ್ಯಾ