ನಿನ್ನ ಪಾಲಿನ ಹಾಲು

ನಾನು ಬೆನ್ನ ಹಿಂದೆ ಬೆಣ್ಣೆಮುದ್ದೆ ಎಂದು ಕರೆಯುವ ನನ್ನ ವಾರಗಿತ್ತಿಗೆ,

ಬೆಳಗಿನ ಹೊತ್ತು ವಾರ್ಡಿನೊಳಗೆ ಯಾರನ್ನೂ ಬಿಡುವುದಿಲ್ಲವಂತೆ. ಅದಕ್ಕೇ ಆಸ್ಪತ್ರೆಯ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತು ಇದನ್ನು ಬರೆದು ಊಟದ ಜೊತೆ ಕಳಿಸುತ್ತಿದ್ದೇನೆ. ಮೊದಲು ಓದು, ಆಮೇಲೆ ಡಬ್ಬಿ ತೆರೆ.

ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳುವುದೇನಿದೆ? ಒಂದೇ ಮನೆಯ ಸೊಸೆಯರು, ಹೆಚ್ಚುಕಡಿಮೆ ಒಟ್ಟಿಗೇ ಬಸಿರಾದವರು. ಆದರೆ ನಿನ್ನದು ಬಸಿರು, ನನ್ನದು ಬರೀ ಹೊಟ್ಟೆ. ಹಿಂದಿನ ಸಲ ನಿನಗೆ ನಿಲ್ಲಲಿಲ್ಲವೆಂದು ಅತ್ತೆ ಈ ಸಲ ನಿನ್ನನ್ನು ಪರದೆ ಎಳೆದ ಕೋಣೆಯಿಂದ ಆಚೆಗೇ ಬಿಡಲಿಲ್ಲ. "ಹೊಟ್ಟೆಗೆ ಭಾರ ಆಗ್ಬಾರ್ದು" ಎಂದು ಮೂರು ಹೊತ್ತೂ ನಿನಗೆ ಮೆತ್ತಗಿನ ಬಿಳಿ ಅನ್ನ, ಹಾಲು, ಮೊಟ್ಟೆ. ಸೊಪ್ಪು, ಕಾಳು ನಿನ್ನ ತಟ್ಟೆಯ ಹತ್ತಿರ ಸುಳಿಯಲಿಲ್ಲ. ಅವು ನನ್ನ ಪಾಲಿಗೆ, ಅದೂ ಎಲ್ಲರ ಊಟವಾದ ಮೇಲೆ, ಪಾತ್ರೆಯ ತಳ ಕೆರೆದು. ಕೆಲಸಕ್ಕೆ ಹೋಗುವ ಲಾಂಡ್ರಿಯ ತಾರಸಿಯಲ್ಲಿ ಒದ್ದೆ ಚಾದರ ಹರವಿ, ಬಿಸಿಲಲ್ಲಿ ಬೆಂದು ಬಂದವಳಿಗೆ ಅಷ್ಟು ಸಾಕಂತೆ.

ನಿನಗೆ ಕಬ್ಬಿಣದ ಮಾತ್ರೆ ನುಂಗುವುದಕ್ಕೂ ಹಾಲು! ನಾನು ನಲ್ಲಿ ನೀರಲ್ಲಿ ನುಂಗುತ್ತಿದ್ದೆ. ನಿನ್ನ ಮೇಲ್ತುಟಿಗೆ ಅಂಟಿದ ಕೆನೆ ನೋಡಿದಾಗ ನನ್ನೊಳಗಿನ ಕೂಸು ಒದೆಯುತ್ತಿತ್ತು, ಅದಕ್ಕೂ ಬೇಕೇನೋ ಅನ್ನಿಸುತ್ತಿತ್ತು. ಒಂದು ದಿನ ನೀನು ಅರ್ಧ ಲೋಟ ನನ್ನತ್ತ ಸರಿಸಿ, "ಅಕ್ಕಾ, ನಂಗೆ ಸಾಕಾಯ್ತು, ನೀವು ಕುಡೀರಿ" ಅಂದೆ, ನೆನಪಿದೆಯಾ? "ನಂಗೆ ಹಾಲು ಸೇರಲ್ಲ" ಅಂದುಬಿಟ್ಟೆ ನಾನು. ನಿನ್ನ ಎಂಜಲು ನನಗ್ಯಾಕೆ ಎಂಬ ಜಂಬ. ಆ ಲೋಟ ತೊಳೆದವಳೂ ನಾನೇ.

ಮೊನ್ನೆ ನೀನು ಬಚ್ಚಲ ಬಾಗಿಲಲ್ಲಿ ಕುಸಿದೆ. ನಿನ್ನನ್ನು ಇಲ್ಲಿಗೆ ತಂದಾಗ ಆ ಸಿಡುಕು ಮೋರೆಯ ನರ್ಸ್ ನನ್ನ ಹೊಟ್ಟೆ ನೋಡಿ ನನ್ನ ರಕ್ತವನ್ನೂ ತೆಗೆದಳು. ಆಮೇಲೆ ಅತ್ತೆಯ ಎದುರಿಗೇ ನನಗೆ ಹೇಳಿದಳು: "ಅವಳಿಗೆ ಸೊಪ್ಪಿಲ್ಲ, ಬಿಸಿಲಿಲ್ಲ, ಮೈಯಲ್ಲಿ ರಕ್ತವೇ ಇಲ್ಲ. ಮಾತ್ರೇನ ಹಾಲಲ್ಲಿ ನುಂಗಿದ್ರೆ ಮೈಗೆ ಹತ್ತುತ್ತಾ? ನಿಂಗೆ ಹಾಲಿಲ್ಲ, ಮೊಟ್ಟೆ ಇಲ್ಲ, ವಿಟಮಿನ್ ಬಿ ಹನ್ನೆರಡು ತಳ ಕಂಡಿದೆ. ಅದಕ್ಕೇ ಕಾಲು ಜುಮ್ಮನ್ನೋದು. ನಿಮ್ಮಿಬ್ರ ತಟ್ಟೆ ಸೇರಿಸಿದ್ರೆ ಒಬ್ಬ ಬಸುರಿಗೆ ಊಟ ಆಗ್ತಿತ್ತು." ಅತ್ತೆಯ ಮುಖ ನೀನು ನೋಡಬೇಕಿತ್ತು.

ಆಗಲೂ ನನಗೆ ಹೊಟ್ಟೆ ಉರಿಯಿತು. ನಿನ್ನ ಮಂಚದ ಸುತ್ತ ಮನೆಯವರೆಲ್ಲ, ನನಗೊಂದು ಮಾತ್ರೆಯ ಹಾಳೆ. ಆದರೆ ಡಾಕ್ಟರು ನಿನ್ನ ಹೊಟ್ಟೆಯ ಮೇಲೆ ಯಂತ್ರವಿಟ್ಟು, ಮಗುವಿನ ಎದೆಬಡಿತ ಸಿಗದೆ ಅಲ್ಲಿ ಇಲ್ಲಿ ಹುಡುಕಿದರಲ್ಲ, ಆಗ ನನ್ನ ಜೀವ ಬಾಯಿಗೆ ಬಂತು. ಬಡಿತ ಕೇಳಿಸಿದಾಗ ಎಲ್ಲರಿಗಿಂತ ಜೋರಾಗಿ ಅತ್ತವಳು ನಾನು. ನೀನೂ ನಿನ್ನ ಕೂಸೂ ಇಲ್ಲದಿದ್ದರೆ ನಾನು ಯಾರನ್ನು ನೋಡಿ ಕರುಬಲಿ?

ಇವತ್ತು ಅತ್ತೆ, "ಆ ನರ್ಸಿಗೇನು ಗೊತ್ತು" ಎಂದು ಗೊಣಗುತ್ತ ಮತ್ತೆ ಅದೇ ಬಿಳಿ ಅನ್ನ ಮತ್ತು ಒಂದು ಫ್ಲಾಸ್ಕು ಹಾಲು ಕೊಟ್ಟು ಕಳಿಸಿದರು. ಹಾಲನ್ನು ಈ ಬೆಂಚಿನ ಮೇಲೆ ಕೂತು ಪೂರ್ತಿ ನಾನೇ ಕುಡಿದೆ. ಕೆನೆಯನ್ನೂ ಬಿಡಲಿಲ್ಲ. ಅನ್ನ ನನ್ನ ಮಧ್ಯಾಹ್ನಕ್ಕೆ. ನಿನ್ನ ಕೈಯಲ್ಲಿರುವುದು ನಾನು ಲಾಂಡ್ರಿಗೆ ಒಯ್ಯುವ ಡಬ್ಬಿ. ಅದರಲ್ಲಿ ನನ್ನ ಪಾಲಿನ ಸೊಪ್ಪು, ಕಾಳು ಇದೆ, ಜೊತೆಗೊಂದು ನಿಂಬೆಹಣ್ಣು. ಮಾತ್ರೆಯನ್ನು ಅದರ ರಸ ಹಿಂಡಿದ ನೀರಲ್ಲಿ ನುಂಗು.

ಬೇಗ ಮನೆಗೆ ಬಾ. ಆ ಪರದೆಯನ್ನು ನಾನೇ ಕಿತ್ತು ಒಗೆಯಲು ಹಾಕುತ್ತೇನೆ. ಇನ್ನು ಮೇಲೆ ನಿನ್ನ ಪಕ್ಕದಲ್ಲೇ, ನಿನ್ನ ಹೊತ್ತಿಗೇ ಊಟಕ್ಕೆ ಕೂರುತ್ತೇನೆ. ಅತ್ತೆ ಏನಾದರೂ ಅನ್ನಲಿ, ಅರ್ಧ ಲೋಟ ಹಾಲು ನನಗಿಡು. ಎಂಜಲಾದರೂ ಸರಿ.

ನಿನ್ನ ಕೂಸು ನನ್ನದಕ್ಕಿಂತ ಒಂದು ಗುಲಗಂಜಿಯಷ್ಟು ಕಡಿಮೆ ತೂಗಲಿ, ಆದರೆ ಬೀದಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಅಳಲಿ.

ನಿನ್ನ ಹಾಲು ಕುಡಿದು ಬಾಯಿ ಒರೆಸಿಕೊಂಡ,
ಅಕ್ಕ