ಕೊಟ್ಟಿಗೆಯಲ್ಲಿ ಕೂತವಳಿಗೆ

ಅವ್ವಾ,

ಇವತ್ತು ನಿನ್ನ ನಾದಿನಿ ಮಲ್ಲಾಜತ್ತೆಯನ್ನು ಹುಣಸೂರಿನ ಲೇಡಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಮುಟ್ಟು ನಿಂತು ಆರು ವರ್ಷವಾದ ಮೇಲೆ ನಿನಗೆ ಮತ್ತೆ ರಕ್ತ ಕಂಡಾಗ, "ಮುಟ್ಟು ಮುಟ್ಟೇ ಕಣ ಅತ್ಗೆ, ವಯ್ಸಾದ್ರೇನು? ಆಚೆ ಕೂತ್ಕೋ" ಎಂದು ನಿನ್ನನ್ನು ಕೊಟ್ಟಿಗೆಗೆ ಕಳಿಸಿದವಳು ಇವಳೇ. ನೀನು ಸಾಯುವವರೆಗೂ ಅಲ್ಲೇ ಕೂತೆ. ತನಗೆ ಒಂದು ಹನಿ ಕಂಡಿದ್ದೇ ತಡ, ಇವಳು ಗಾಡಿ ಕಟ್ಟಿಸಿದಳು! ಹೊರಗೆ ಕೂರಲಿಲ್ಲ, ಒಲೆಯನ್ನೂ ಬಿಡಲಿಲ್ಲ.

"ನಿಂತ ಮೇಲೆ ಕಂಡರೆ ಅದು ಮುಟ್ಟಲ್ಲ. ಕೆಟ್ಟ ರೋಗವೇ ಅಂತಲ್ಲ, ಆದರೆ ಪರೀಕ್ಷೆ ಮಾಡಲೇಬೇಕು. ಬೇಗ ಬಂದಿದ್ದೀರಿ," ಎಂದು ಡಾಕ್ಟರು ಮೈಸೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಬೇಗವಂತೆ! ನನ್ನ ಮೈಯೆಲ್ಲ ಉರಿಯಿತು.

ಗಾಡಿಯಲ್ಲಿ ಅತ್ತೆ ಕಣ್ಣೊರೆಸಿಕೊಂಡು, "ನಿಮ್ಮವ್ವ ಬಾಯ್ಬುಟ್ಟು ಒಂದ್ ಮಾತು ಏಳಿದ್ರೆ ನಾವು ತೋರುಸ್ತಿರ್ಲಿಲ್ವಾ?" ಎಂದಳು.

ನೀನು ಹೇಳಿದ್ದೆ ಅವ್ವಾ. "ಇದು ಮೊದ್ಲಿನಂಗಿಲ್ಲ ಕಣವ್ವಾ, ವಾಸ್ನೆ ಬತ್ತದೆ, ಒಸಿ ಇಲ್ಲಿ ಬಾ" ಎಂದು ಕೊಟ್ಟಿಗೆಯಿಂದ ಕೂಗಿದ್ದೆ. ಅತ್ತೆ ಆವತ್ತು ಊರಲ್ಲೇ ಇರಲಿಲ್ಲ. ಮೈ ತಾಗದಂತೆ ಊಟದ ತಟ್ಟೆಯನ್ನು ದೂರದಿಂದ ತಳ್ಳಿ, ಒಳಗೆ ಹೋದವಳು ನಾನು.