ಹಸಿಮಣ್ಣಿನ ಮೂರು ಬೆರಳು

ನರಸಿಂಹರಾಜಪುರ
೮ ಮೇ ೨೦೨೪

ಪ್ರಿಯ ಶಂಕರಮ್ಮ,

ನೀನು ಬಾಳೆಹೊನ್ನೂರಿನ ತವರಿನಲ್ಲಿ ಆರೋಗ್ಯದಿಂದಿರುವೆಯೆಂದು ನಿನ್ನ ತಮ್ಮ ಸೋಮನಾಥನಿಂದ ತಿಳಿಯಿತು. ದೂರವಾಣಿಯಲ್ಲಿ ನನ್ನ ದನಿ ಕೇಳಿದೊಡನೆ ನೀನು ಅದನ್ನು ಅವನ ಕೈಗೆ ಕೊಟ್ಟುಬಿಡುವೆ. ಕಾಗದವನ್ನು ಹಾಗೆ ದಾಟಿಸಲಾರೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ನಿನ್ನೆ ಭಂಡಿಗಡಿಯ ಭೂತರಾಯನ ಬನಕ್ಕೆ ಹೋಗಿದ್ದೆ. ಇಷ್ಟು ಓದಿ ಮಡಿಸಿಡಬೇಡ. ನಮ್ಮ ಸಿರಿಯ ಮಣ್ಣಿನ ಕುದುರೆಯನ್ನು ತರಬೇಕೆಂದೇ ಹೋದೆ. ಮಳೆಗಾಲ ಹಿಡಿಯುವುದರೊಳಗೆ ಅದನ್ನು ಎತ್ತಿ ತರುತ್ತೇನೆಂದು ನಾನು ಹೇಳಿದ ದಿನವೇ ನೀನು ಮನೆ ಬಿಟ್ಟು ನಡೆದೆ. ಹರಕೆಯ ಕುದುರೆಯನ್ನು ಹಿಂದಕ್ಕೆ ತರಬಾರದು, ಮಗಳ ನೋವೆಲ್ಲ ಅದರೊಳಗಿದೆ, ಅದು ಮಳೆಯಲ್ಲಿ ಕರಗಿದರೆ ಮಾತ್ರ ಅವಳಿಗೆ ಬಿಡುಗಡೆ ಎಂದು ನೀನು ಹೇಳಿದೆ. ನಮ್ಮ ಮಗಳ ಕೈಯಿಂದ ಆದ ವಸ್ತುವೆಂದು ಈ ಲೋಕದಲ್ಲಿ ಉಳಿದಿರುವುದು ಅದೊಂದೇ ಎಂದು ನಾನು ಹೇಳಿದೆ. ಅವಳಿಗೆ ಪಾಠ ಹೇಳಿದ ಯಜ್ಞೇಶರು ಬೆಂಗಳೂರಿನಿಂದ ಮತ್ತೆ ಮತ್ತೆ ಕೇಳುತ್ತಿದ್ದರು: ವಸ್ತುಸಂಗ್ರಹಾಲಯದ ಮಕ್ಕಳ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ ಸಿದ್ಧವಾಗಿದೆ, ಕೆಳಗೆ ಸಿರಿಯ ಹೆಸರಿರುತ್ತದೆ, ಕುದುರೆ ಯಾವಾಗ ಬರುತ್ತದೆ?

ಅವಳು ಅದನ್ನು ಮಾಡುತ್ತಿದ್ದ ದಿನಗಳು ನಿನಗೂ ನೆನಪಿರಬೇಕು. ಚಿಕಿತ್ಸೆಯ ನಡುವೆ ಊರಿಗೆ ಬಂದಿದ್ದಳು. ತಲೆಗೆ ನಿನ್ನ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಅಂಗಳದ ಬಿಸಿಲಿನಲ್ಲಿ ಕುಳಿತು ಗದ್ದೆಯ ಮಣ್ಣನ್ನು ನಾದುತ್ತಿದ್ದಳು. ಹಿಮಾಲಯದ ಅಡಿಯ ಬೆಟ್ಟಗಳಲ್ಲಿ ದೊರೆತ, ಕಲ್ಲಾಗಿಹೋದ ಹಲ್ಲುಗಳನ್ನು ಅವಳು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಳಲ್ಲ, ಆ ಪ್ರಾಣಿಯೇ ಇದು. ಕೋಟಿ ವರ್ಷಗಳ ಹಿಂದೆ ಅಲ್ಲಿ ಮೇಯುತ್ತಿದ್ದ, ಕಾಲಿಗೆ ಮೂರು ಮೂರು ಬೆರಳಿದ್ದ ಕುದುರೆ. ನಡುವಿನ ಬೆರಳು ನೆಲಕ್ಕೆ ಊರುತ್ತಿತ್ತು. ಪಕ್ಕದ ಎರಡು ಗಾಳಿಯಲ್ಲಿ ತೂಗುತ್ತಿದ್ದವು. ಹಾಗಾದರೆ ಇದು ನಮ್ಮ ಕುದುರೆಗಳ ಮುತ್ತಜ್ಜನೋ ಎಂದು ನಾನು ಕೇಳಿದ್ದೆ.

"ಮುತ್ತಜ್ಜ ಅಲ್ಲ ಅಪ್ಪಾಜಿ, ಮುತ್ತಜ್ಜನ ತಮ್ಮ. ಮಕ್ಕಳು ಮರಿ ಇಲ್ದೆ ಹೋದೋನು" ಎಂದಳು. ಹೇಳಿದ ಮೇಲೆ ನನ್ನ ಮುಖ ನೋಡಿ, "ಅಯ್ಯೋ, ಕುದುರೆ ವಿಷಯ ಹೇಳಿದ್ದು ಮಾರಾಯ್ರೆ" ಎಂದು ನಕ್ಕಳು. ನಾನೂ ನಕ್ಕೆ.

ನಾನು ಔಷಧಿಗೆಂದು ಶಿವಮೊಗ್ಗಕ್ಕೆ ಹೋಗಿದ್ದ ದಿನ ನೀನು ಆ ಕುದುರೆಯನ್ನೇ ಬನಕ್ಕೆ ಒಯ್ದೆ. ಹಿಂತಿರುಗಿದಾಗ ಅಂಗಳದ ಹಲಗೆ ಬರಿದಾಗಿತ್ತು. ಬನಕ್ಕೆ ಸುಡದ ಹಸಿಮಣ್ಣಿನ ಕುದುರೆಯೇ ಆಗಬೇಕು, ಅದು ಕರಗಿದ ಹಾಗೆ ಕಾಯಿಲೆಯೂ ಕರಗಬೇಕು. ಕುಂಬಾರರ ಮನೆಯವರು ಕುದುರೆ ಮಾಡುವುದನ್ನು ಬಿಟ್ಟಿದ್ದಾರೆ, ರಸ್ತೆಬದಿಯಲ್ಲಿ ಮಾರುವ ಸಿಮೆಂಟಿನ ಕುದುರೆ ಯಾವ ಮಳೆಗೆ ಕರಗೀತು ಎಂದು ನೀನು ಕೇಳಿದೆ. ಸಿರಿ ಮಾತ್ರ ಹಾಸಿಗೆಯಿಂದಲೇ, "ನಾನೇ ಅಮ್ಮನ ಮಡಿಲಲ್ಲಿಟ್ಟು ಆಟೋ ಹತ್ತಿಸ್ದೆ. ಭೂತರಾಯಂಗೆ ಇದ್ರ ಮೇಲೆ ಕೂತ್ರೆ ಕಾಲು ನೆಲಕ್ಕೆ ತಾಗ್ತದೆ ಅಂತ ಹೇಳು ಅಂದಿದೀನಿ" ಎಂದಳು. ಮಳೆಗಾಲ ಬರಲು ಆಗ ಇನ್ನೂ ಬಹಳ ದಿನಗಳಿದ್ದವು. ಕುದುರೆ ಕರಗುವ ಮೊದಲೇ ಅವಳು ಹೋದಳು.

ಬನದಲ್ಲಿ ಪೂಜೆಯ ವಾಸಪ್ಪ ಇದ್ದ. ನಾನು ಬಂದ ಕಾರಣ ತಿಳಿದು ತಲೆಯಾಡಿಸಿದ. "ಕೊಟ್ಟಿದ್ದು ಶಂಕರಮ್ಮೋರು. ನಿಮ್ಗೆ ಹೆಂಗೆ ಎತ್ತಿಕೊಡ್ಲಿ ಮೇಷ್ಟ್ರೆ? ಕೊಟ್ಟ ಕೈನೇ ಬಂದು ಹೂ ಕೇಳ್ಬೇಕು. ಹೂ ಬಲಕ್ಕೆ ಬಿದ್ರೆ ತಗೊಂಡು ಹೋಗಿ, ನಂದೇನು ತಕರಾರಿಲ್ಲ."

ನಾನು ಸಿರಿಯ ತಂದೆ ಎಂದೆ.

"ತಂದೆ ಹೌದು ಮಾರಾಯ್ರೆ, ಹರಕೆ ನಿಮ್ದಲ್ವಲ್ಲ."

ಅವನು ದೀಪಕ್ಕೆ ಎಣ್ಣೆ ತರಲು ಹೋದಾಗ ನಾನು ಒಳಗೆ ಹೋದೆ. ಹಳೆಯ ಕುದುರೆಗಳೆಲ್ಲ ಕಿವಿ, ಮೂತಿ ಕಳೆದುಕೊಂಡು ಮಣ್ಣಿನ ದಿಬ್ಬಗಳಾಗಿವೆ. ಅವುಗಳ ನಡುವೆ ನಮ್ಮದು ನೆಟ್ಟಗೆ ನಿಂತಿತ್ತು. ಮರಗಳ ದಟ್ಟ ನೆರಳಿನಿಂದಾಗಿ ಬೇಸಗೆಯ ಹನಿಗಳು ಅದನ್ನು ಹೆಚ್ಚು ಕೆಡಿಸಿರಲಿಲ್ಲ. ನಾನು ಚೀಲವನ್ನೂ ಹಳೆಯ ಕಂಬಳಿಯನ್ನೂ ಒಯ್ದಿದ್ದೆ. ವಾಸಪ್ಪ ಮರಳುವುದರೊಳಗೆ ಸುತ್ತಿಕೊಂಡು ಹೊರಡಬಹುದಾಗಿತ್ತು. ಆದರೆ ಅದರ ಮುಂದೆ ಒಬ್ಬ ಹೆಂಗಸು ಕುಳಿತಿದ್ದಳು. ಬೇಗಾರು ಊರಿನವಳು, ಹೆಸರು ಅರ್ಪಿತಾ ಎಂದು ಆಮೇಲೆ ತಿಳಿಯಿತು. ಮಡಿಲಲ್ಲಿ ನಾಲ್ಕೈದು ವರ್ಷದ ಹೆಣ್ಣುಮಗು. ಮಗುವಿನ ತಲೆಯ ಕೂದಲೆಲ್ಲ ಉದುರಿತ್ತು. ಏನು ಕಾಯಿಲೆಯೆಂದು ಕೇಳುವ ಅಗತ್ಯ ನನಗೆ ಬೀಳಲಿಲ್ಲ. ಕುದುರೆಯ ಕಾಲುಗಳಿಗೆ ಯಾರ್ಯಾರೋ ಪುಟ್ಟ ಬಳೆಗಳನ್ನು ತೊಡಿಸಿದ್ದರು.

ನಾನು ಕಾಲನ್ನೇ ನೋಡುತ್ತಿದ್ದುದನ್ನು ಕಂಡು ಅವಳೇ ಮಾತು ತೆಗೆದಳು. "ಎಂತ ಅಜ್ಜಯ್ಯ, ಬೆರಳು ನೋಡ್ತಿದೀರಾ? ಎಲ್ಲರೂ ಇದ್ರ ಹತ್ರಾನೇ ಬರ್ತಾರೆ ಈಗ. ಬೇರೆ ಕುದುರೆಗೆಲ್ಲ ಬರೀ ಗೊರಸು. ಗೊರಸಲ್ಲಿ ಮಕ್ಳನ್ನ ಹೆಂಗೆ ಹಿಡ್ಕೊಳ್ಳುತ್ತೆ ಹೇಳಿ? ಇದಕ್ಕೆ ಬೆರಳುಂಟಲ್ಲ, ಬಿಡಲ್ಲ."

ಆ ಬೆರಳುಗಳು ನೆಲವನ್ನೂ ಮುಟ್ಟುತ್ತಿರಲಿಲ್ಲ, ಏನನ್ನೂ ಹಿಡಿಯುತ್ತಿರಲಿಲ್ಲ, ಆ ಪ್ರಾಣಿಯೇ ಇಂದು ಭೂಮಿಯ ಮೇಲಿಲ್ಲ. ಇದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಆ ಮಗು ಕೈಚಾಚಿ ಪಕ್ಕದ ಬೆರಳೊಂದನ್ನು ಮೆಲ್ಲಗೆ ಹಿಡಿದುಕೊಂಡಿತು. ಅಪ್ಪನ ಕಿರುಬೆರಳು ಹಿಡಿದು ಪೇಟೆಗೆ ಹೊರಟ ಹಾಗೆ. ಇದನ್ನು ಮಾಡಿದವಳು ನನ್ನ ಮಗಳು ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು.

ಅರ್ಪಿತಾಳ ಮುಖ ಅರಳಿತು. "ಹೌದಾ! ಈಗ ಎಲ್ಲಿದಾರೆ ಅವ್ರು? ನಮ್ಗೂ ಒಂದು ಮಾಡ್ಕೊಡ್ತಾರಾ, ಕೇಳಿ ನೋಡ್ತೀರಾ ಅಜ್ಜಯ್ಯ?"

ಶಂಕರಮ್ಮ, ನಿಜವನ್ನು ಹೇಳಿದ್ದರೆ ಅವಳು ಆ ಮಗುವಿನ ಕೈಯನ್ನು ಬಿಡಿಸಿಕೊಂಡು ಎದ್ದು ಹೋಗುತ್ತಿದ್ದಳು. ಊರಿನಲ್ಲಿಲ್ಲ ಎಂದೆ.

"ಬಂದಾಗ ಹೇಳಿ, ಆಯ್ತಾ?" ಎಂದಳು. ಆಗಲಿ ಎಂದೆ. ಕಂಬಳಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಅವರು ಹೋದ ಮೇಲೆ ಕುದುರೆಯ ಬಳಿ ಸ್ವಲ್ಪ ಹೊತ್ತು ಕುಳಿತೆ. ನಂತರ ಬರಿಗೈಯಲ್ಲಿ ಕೊಪ್ಪದ ದಾರಿ ಹಿಡಿದು ಮನೆಗೆ ಬಂದೆ.

ಕುದುರೆ ಬರುವುದಿಲ್ಲವೆಂದು ಇಂದು ಬೆಳಿಗ್ಗೆ ಯಜ್ಞೇಶರಿಗೆ ತಿಳಿಸಿದೆ. ಚಿತ್ರವನ್ನಾದರೂ ತೆಗೆದು ಕಳುಹಿಸಿ ಎಂದರು, ಅದನ್ನು ಕಳುಹಿಸೋಣ. ಹರಕೆ ನಿನ್ನದು, ಅದು ನಿನ್ನದಾಗಿಯೇ ಇರಲಿ. ಮಳೆ ಬಂದು ಅದು ಕರಗುವಾಗ ಮಾತ್ರ ನಾನು ಈ ಮನೆಯಲ್ಲಿ ಒಬ್ಬನೇ ಕುಳಿತು ಮಳೆಯ ಸದ್ದನ್ನು ಕೇಳಲಾರೆ. ಸೋಮನಾಥನಿಗೆ ಹೇಳಿದರೆ ಬಸ್ಸು ಹತ್ತಿಸುತ್ತಾನೆ. ನಾನು ನಿಲ್ದಾಣಕ್ಕೆ ಬರುತ್ತೇನೆ.

ನಿನ್ನ ದಾರಿ ನೋಡುತ್ತಿರುವ,
ಜಯದೇವಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹಿಂಜರಿದದ್ದು. ಬರಿಗೈಯಲ್ಲಿ ಬಂದೆನೆಂಬುದು ಸರಿಯಲ್ಲ. ನಾನು ಬಳಿಯಲ್ಲಿ ಕುಳಿತು ಸವರುತ್ತಿದ್ದಾಗ ಹಿಂಗಾಲಿನ ಪಕ್ಕದ ಬೆರಳೊಂದು ಬಿರುಕುಬಿಟ್ಟು ನನ್ನ ಅಂಗೈಗೆ ಬಿತ್ತು. ಮರಳಿ ಇಡಲು ನನ್ನಿಂದ ಆಗಲಿಲ್ಲ. ವಾಸಪ್ಪನಿಗೂ ಹೇಳಲಿಲ್ಲ. ಕನ್ನಡಕದ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಇಟ್ಟಿದ್ದೇನೆ. ಅದರ ಒಳಮೈಯಲ್ಲಿ ಸಿರಿ ಮಣ್ಣನ್ನು ಒತ್ತಿದ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಉಳಿದಿದೆ. ನನ್ನ ಹೆಬ್ಬೆರಳು ದಪ್ಪ, ಅದರಲ್ಲಿ ಕೂರುವುದಿಲ್ಲ. ನಿನ್ನದು ಕೂರಬಹುದು.